ಸಮಾಧಾನ ಮೀಮಾಂಸೆ

ಲಕ್ಷಣ

ಕೆಟ್ಟದ್ದು ನಡೆದುಹೋದ ಮೇಲೆ ಅದರೊಳಗಿಂದ ಒಳ್ಳೆಯದನ್ನು ಹುಡುಕಿ ತೆಗೆಯುವ ಮನೋವ್ಯಾಪಾರಕ್ಕೆ ಸಮಾಧಾನವೆಂದು ಹೆಸರು. ‘ನಡೆದುಹೋದ ಮೇಲೆ’ ಎಂಬುದನ್ನು ಬಿಟ್ಟರೆ ಲಾಟರಿ ಕೊಂಡವನ ಆಸೆಗೂ ಈ ಲಕ್ಷಣ ಅನ್ವಯಿಸಿ ಅತಿವ್ಯಾಪ್ತಿ ದೋಷ ಬರುತ್ತದೆ. ‘ಹುಡುಕಿ’ ಎಂಬುದನ್ನು ಬಿಟ್ಟರೆ, ಏನಾಯಿತೆಂದೇ ತಿಳಿಯದೆ ನಗುತ್ತ ಕೂತವನೂ ಸಮಾಧಾನಿಯಾಗಿಬಿಡುತ್ತಾನೆ. ಆದ್ದರಿಂದ ಎರಡೂ ಇರತಕ್ಕದ್ದು.

ಭೇದ

ನಮ್ಮ ನಾಡಿನ ಸಮಾಧಾನಿಗಳಲ್ಲಿ ಐದು ಪಂಥ.

ಮೊದಲನೆಯವರು ಪರಿಹಾರವಾದಿಗಳು. ಇವರ ಮತದಲ್ಲಿ ನಷ್ಟವೆಂಬುದೇ ಇಲ್ಲ. ಎಲ್ಲವೂ ಯಾವುದೋ ದೊಡ್ಡ ಬಾಕಿಯ ಚಿಕ್ಕ ಕಂತು. ಗಾಜಿನ ಲೋಟ ಒಡೆದರೆ ‘ದೃಷ್ಟಿ ಹೋಯ್ತು’. ದೇವಸ್ಥಾನದಲ್ಲಿ ಒಡೆಸಿದ ಕಾಯಿ ಕೆಟ್ಟಿದ್ದರೆ ‘ಕಂಟಕ ಕಳೀತು’. ಮದುವೆಯ ದಿನ ಮಳೆ ಹೊಯ್ದರೆ, ಮದುಮಗಳು ಚಿಕ್ಕಂದಿನಲ್ಲಿ ಹಸಿ ಅಕ್ಕಿ ತಿಂದಿದ್ದಳೆಂಬ ಕಾರಣ ಸಿದ್ಧ. ಗೃಹಪ್ರವೇಶದಲ್ಲಿ ಬೇಕೆಂದೇ ಹಾಲು ಉಕ್ಕಿಸುತ್ತೇವಲ್ಲ, ಅದನ್ನೇ ಪ್ರಮಾಣವಾಗಿಟ್ಟುಕೊಂಡು ಮಾಮೂಲಿ ಮಂಗಳವಾರ ಉಕ್ಕಿದ ಹಾಲನ್ನೂ ಶುಭವೆಂದು ಸಾಧಿಸುತ್ತಾರೆ. ಆದರೆ ಶುಭವೆಂದವರೇ ಒಲೆ ಒರೆಸಿದ ನಿದರ್ಶನಗಳು ವಿರಳ.

ಎರಡನೆಯವರು ತಾರತಮ್ಯವಾದಿಗಳು. ‘ಸದ್ಯ’ ಇವರ ಬೀಜಮಂತ್ರ. ಬಚ್ಚಲಲ್ಲಿ ಜಾರಿ ಕಾಲು ಉಳುಕಿದರೆ, ‘ಸದ್ಯ, ಮೂಳೆ ಮುರೀಲಿಲ್ಲ’. ಮುರಿದರೆ, ‘ಸದ್ಯ, ಒಂದೇ ಕಾಲು’. ಎರಡೂ ಮುರಿದರೆ, ‘ಸದ್ಯ, ತಲೆಗೇನೂ ಆಗಲಿಲ್ಲ’. ಈ ಸರಣಿಗೆ ಕೊನೆಯೇ ಇಲ್ಲವಾದ್ದರಿಂದ ತಾರ್ಕಿಕರು ಅನವಸ್ಥಾ ದೋಷವನ್ನು ಎತ್ತುತ್ತಾರೆ. ಕೊನೆಯಿಲ್ಲದಿರುವುದೇ ಅನುಕೂಲ ಎಂಬುದು ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದವರ ಉತ್ತರ.

ಮೂರನೆಯವರು ಉಪಯೋಗವಾದಿಗಳು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸು ನಿಂತುಬಿಟ್ಟರೆ ಊರಲ್ಲಿರುವ ಅಮ್ಮನಿಗೆ ಫೋನು. ಕರೆಂಟ್ ಹೋದರೆ ಮನೆಮಂದಿಯೆಲ್ಲ ಜಗಲಿಯಲ್ಲಿ ಹರಟೆ. ಮಜ್ಜಿಗೆ ಹುಳಿ ಬಂದರೆ ಮಜ್ಜಿಗೆಹುಳಿ, ಇಡ್ಲಿ ಮಿಕ್ಕಿದರೆ ಇಡ್ಲಿ ಉಪ್ಪಿಟ್ಟು. ರಾತ್ರಿಯ ಅನ್ನದಿಂದ ಬೆಳಿಗ್ಗೆ ಎದ್ದುಬರುವ ಚಿತ್ರಾನ್ನವಂತೂ ಈ ಪಂಥದ ಮೂಲಗ್ರಂಥ. ಇವರು ಕೆಟ್ಟದ್ದನ್ನು ಒಳ್ಳೆಯದೆಂದು ಕರೆಯುವುದಿಲ್ಲ, ಒಗ್ಗರಣೆ ಹಾಕುತ್ತಾರೆ.

ನಾಲ್ಕನೆಯವರು ಮುಂದಿನಸಲವಾದಿಗಳು. ಬೆಂಗಳೂರಿನ ಐಪಿಎಲ್ ತಂಡ 2009, 2011, 2016ರ ಫೈನಲ್‌ಗಳಲ್ಲಿ ಸೋತರೂ ‘ಕಪ್ ನಮ್ದೇ’ ಎಂದ ಅಭಿಮಾನಿಗಳು ಈ ಪಂಥದ ಆಚಾರ್ಯರು. 2025ರ ಜೂನ್ 3ರಂದು, ಹದಿನೆಂಟನೆಯ ಆವೃತ್ತಿಯಲ್ಲಿ, ಕಪ್ ನಿಜಕ್ಕೂ ಬಂತು. ಹಾಗಾದರೆ ಅಷ್ಟು ವರ್ಷ ಅವರು ಹೇಳುತ್ತಿದ್ದುದು ಸಮಾಧಾನವೋ ಭವಿಷ್ಯವಾಣಿಯೋ ಎಂಬ ವಿವಾದ ಇನ್ನೂ ಬಗೆಹರಿದಿಲ್ಲ.

ಐದನೆಯವರು ಪರೋಪದೇಶಿಗಳು. ಯುಗಾದಿಯ ಬಟ್ಟಲಿನಿಂದ ಬೆಲ್ಲವನ್ನು ಆರಿಸಿ ಬಾಯಿಗೆ ಹಾಕಿಕೊಂಡು, ಬೇವನ್ನು ಪಕ್ಕದವರಿಗೆ ದಾಟಿಸಿ, ‘ಜೀವನ ಅಂದ್ಮೇಲೆ ಎರಡೂ ಇರ್ಬೇಕು ಕಣ್ರೀ’ ಎನ್ನುವವರು. ಬೆಳಗಿನ ಐದಕ್ಕೇ ಸೂರ್ಯೋದಯದ ಚಿತ್ರದ ಜೊತೆ ಸುಭಾಷಿತವನ್ನು ವಾಟ್ಸಾಪಿನಲ್ಲಿ ಕಳಿಸುವವರೂ ಇವರೇ. ಸಂಖ್ಯೆಯಲ್ಲಿ ಮಿಕ್ಕ ನಾಲ್ಕೂ ಪಂಥಗಳನ್ನು ಮೀರಿಸಿದ್ದಾರೆಂಬ ಶಂಕೆಯಿದೆ.

ಪೂರ್ವಪಕ್ಷ

ಜರ್ಮನಿಯ ತತ್ತ್ವಜ್ಞಾನಿ ಲೈಬ್ನಿಟ್ಸ್, ಸಾಧ್ಯವಿರುವ ಲೋಕಗಳಲ್ಲೆಲ್ಲ ನಮ್ಮದೇ ಶ್ರೇಷ್ಠವೆಂದು 1710ರಲ್ಲಿ ವಾದಿಸಿದ. 1755ರಲ್ಲಿ ಲಿಸ್ಬನ್ ನಗರ ಭೂಕಂಪಕ್ಕೆ ಕುಸಿಯಿತು. 1759ರಲ್ಲಿ ಫ್ರಾನ್ಸಿನ ವೋಲ್ತೇರ್ ‘ಕ್ಯಾಂಡೀಡ್’ ಎಂಬ ಕಥೆ ಬರೆದು, ಏನೇ ಅನಾಹುತವಾದರೂ ಎಲ್ಲ ಒಳ್ಳೆಯದಕ್ಕೇ ಎನ್ನುವ ಪ್ಯಾಂಗ್ಲಾಸ್ ಎಂಬ ಮೇಷ್ಟರನ್ನು ನಗೆಪಾಟಲು ಮಾಡಿದ. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಕಪ್ ಬಂದ ಮರುದಿನವೇ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ತೀರಿಕೊಂಡರು. ಆ ಮನೆಗಳ ಬಾಗಿಲಲ್ಲಿ ನಿಂತು ‘ಆಗೋದೆಲ್ಲ ಒಳ್ಳೇದಕ್ಕೇ’ ಎನ್ನುವ ಹಕ್ಕು ಯಾವ ಪಂಥಕ್ಕೂ ಇಲ್ಲ. ಹಾಗಿದ್ದ ಮೇಲೆ ಈ ಶಾಸ್ತ್ರವೇ ವ್ಯರ್ಥವಲ್ಲವೇ?

ಸಿದ್ಧಾಂತ

ವ್ಯರ್ಥವಲ್ಲ, ಅದಕ್ಕೆ ಮೇರೆಗಳಿವೆ. ಮೊದಲನೆಯದು, ಕಷ್ಟ ಹೇಳುವವರದೇ ಆಗಿರಬೇಕು. ‘ಸದ್ಯ, ಒಂದೇ ಕಾಲು’ ಎಂಬುದು ಕಾಲು ಮುರಿದವನ ಬಾಯಲ್ಲಿ ಗಟ್ಟಿತನ. ಕಿತ್ತಳೆ ಹಣ್ಣು ಹಿಡಿದು ನೋಡಲು ಬಂದವನ ಬಾಯಲ್ಲಿ ಅಧಿಕಪ್ರಸಂಗ. ಬಂದವನು ಹಣ್ಣು ಸುಲಿದುಕೊಟ್ಟು ಸುಮ್ಮನೆ ಕೂತರೆ ಸಾಕು. ಎರಡನೆಯದು, ಮಾತಿನ ಹಿಂದೆ ಕೈ ಏಳಬೇಕು. ರಸ್ತೆಗುಂಡಿಗೆ ಬಿದ್ದು ‘ಸದ್ಯ’ ಎಂದು ಮೈಕೊಡವಿಕೊಂಡು ಹೋದವರು ಮಧ್ಯಮರು. ‘ಸದ್ಯ’ ಎಂದು ಎದ್ದು, ಹಿಂದೆ ಬರುವವರಿಗೆ ಕಾಣಲೆಂದು ಆ ಗುಂಡಿಯಲ್ಲೊಂದು ಮರದ ಕೊಂಬೆ ನೆಟ್ಟು ಹೋದವರು ಉತ್ತಮರು. ವೋಲ್ತೇರನ ನಾಯಕನೂ ಕೊನೆಗೆ ವಾದ ಬಿಟ್ಟು ತೋಟದ ಕೆಲಸಕ್ಕೇ ಇಳಿಯುತ್ತಾನೆ. ಈ ನ್ಯಾಯದಂತೆ ಮೂರನೆಯ ಪಂಥಕ್ಕೆ ಅಗ್ರಪೂಜೆ, ಐದನೆಯದಕ್ಕೆ ಬೇವು.

ಫಲಶ್ರುತಿ

ಇದನ್ನು ನಿತ್ಯ ಪಠಿಸುವವರಿಗೂ ಬಸ್ಸು ತಪ್ಪುತ್ತದೆ, ಲೋಟ ಒಡೆಯುತ್ತದೆ. ಓದಿ ಏನೂ ಪ್ರಯೋಜನವಾಗಲಿಲ್ಲ ಎನಿಸಿದವರು, ‘ಸದ್ಯ, ಗ್ರಂಥ ಚಿಕ್ಕದಿತ್ತು’ ಎಂದುಕೊಳ್ಳತಕ್ಕದ್ದು. ಕಷ್ಟ ಅವರದೇ ಆದ್ದರಿಂದ ಶಾಸ್ತ್ರದ ಅಭ್ಯಂತರವಿಲ್ಲ.