ಶಬರಿ ಕಾಯಲಿಲ್ಲ

ನಮ್ಮ ರಾಮದುರ್ಗದ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಅರಸೊತ್ತಿಗೆಯ ಕಾಲ ಮುಗಿಯಿತೆಂಬುದು ಲೋಕವಿದಿತವಾದರೂ, ನನ್ನ ನಿವೃತ್ತಿಯ ತರುವಾಯ ನಮ್ಮ ಮನೆಯಲ್ಲಿ ಎರಡು ಸಂಸ್ಥಾನಗಳು ಹೊಸದಾಗಿ ಸ್ಥಾಪಿತವಾದವು: ಪಡಸಾಲೆಯಲ್ಲೊಂದು ಕಂಪ್ಯೂಟರು, ಮಾಳಿಗೆಯ ಮೇಲಿನ ಕೋಣೆಯಲ್ಲಿ ಇನ್ನೊಂದು. ಕೆಳಗಿನದಕ್ಕೆ ಊರ ಹೊಳೆಯನ್ನು ಸ್ಮರಿಸಿ ಮಲಪ್ರಭೆಯೆಂದೂ, ಮೇಲಿನದಕ್ಕೆ ಸುರೇಬಾನದ ಬಳಿಯ ಶಬರಿಕೊಳ್ಳವನ್ನು ನೆನೆದು, ಬಂದ ಓಲೆಗಳನ್ನು ಜತನವಾಗಿಟ್ಟುಕೊಂಡು ನನಗಾಗಿ ಕಾದಿರಲೆಂಬ ಸದಾಶಯದಿಂದ ಶಬರಿಯೆಂದೂ ನಾಮಕರಣ ಮಾಡಿದೆ. ಅರಿವೆ ಒಣಹಾಕುವ ಹಗ್ಗದ ಪಕ್ಕದಲ್ಲಿಯೇ ನೀಲಿ ತಂತಿಯೊಂದನ್ನೆಳೆದು ಎರಡಕ್ಕೂ ಬೀಗತನ ಕೂಡಿಸಿದ್ದೂ ಆಯಿತು.

"ಅಲ್ರೀ, ಹದಿನಾಕ ಪಾವಟಿಗಿ ಇಳದ ಬರೂದಕ್ಕ ಇಷ್ಟೆಲ್ಲಾ ಖಟಪಟಿ ಬೇಕೇನ್ರಿ?" ಎಂದಳು ನನ್ನಾಕೆ. 1971ರಲ್ಲಿ ಅಮೆರಿಕೆಯ ರೇ ಟಾಮ್ಲಿನ್‌ಸನ್ ಎಂಬ ಮಹಾಶಯನು ಯಂತ್ರದಿಂದ ಯಂತ್ರಕ್ಕೆ ಪ್ರಪ್ರಥಮ ಮಿಂಚಂಚೆಯನ್ನು ಕಳುಹಿದಾಗ ಆ ಎರಡು ಯಂತ್ರಗಳೂ ಒಂದೇ ಕೋಣೆಯಲ್ಲಿ ಮಗ್ಗುಲು ಮಗ್ಗುಲಲ್ಲೇ ಇದ್ದುವೆಂದೂ, ಅವನಿಗೆ ಪಾವಟಿಗೆಯ ನೆಪ ಕೂಡ ಇರಲಿಲ್ಲವೆಂದೂ ನಾನು ವಾದಿಸಿದೆ. ಅವಳು ಒಲೆಯ ಮೇಲಿನ ಹಾಲನ್ನು ನೋಡಹೋದಳು.

ಸೆಂಡ್‌ಮೇಲ್ ತಂತ್ರಾಂಶವೆಂಬ ಹಳೆಯ ಅಂಚೆಯವನಿಗೆ ಅಪ್ಪಣೆ ಕೊಡುವ ಬಗೆ ಬಹು ಸುಲಭ: 'ಫಾರ್ವರ್ಡ್' ಎಂಬ ಸಣ್ಣ ಕಡತದಲ್ಲಿ ವಿಳಾಸವೊಂದನ್ನು ಬರೆದಿಟ್ಟರೆ, ಬಂದ ಪತ್ರವನ್ನು ಅತ್ತ ಅಟ್ಟುತ್ತಾನೆ. ಬೇಸಗೆಯಲ್ಲಿ ಮಾಳಿಗೆ ಕಾದ ಹಂಚಾಗುವುದರಿಂದ ಎಲ್ಲವನ್ನೂ ಮಲಪ್ರಭೆಗೆ ಕಳುಹೆಂದು ಶಬರಿಗೆ ಬರೆದಿಟ್ಟೆ. ಮಳೆಗಾಲದಲ್ಲಿ ಪಡಸಾಲೆ ನೆಂಟರ ಪಾಲಾದುದರಿಂದ ಎಲ್ಲವನ್ನೂ ಶಬರಿಗೆ ಕಳುಹೆಂದು ಮಲಪ್ರಭೆಗೆ ಬರೆದಿಟ್ಟೆ. ಮೊದಲನೆಯ ಅಪ್ಪಣೆಯನ್ನು ಹಿಂತೆಗೆಯುವುದು ಮರೆತುಹೋಯಿತು. ಮೂವತ್ತೈದು ವರ್ಷ ಹುಡುಗರ ಕಿವಿ ಹಿಂಡಿ ಗಣಿತ ಕಲಿಸಿದವನ ತರ್ಕ ಇದು!

ಪರೀಕ್ಷಾರ್ಥವಾಗಿ ನನಗೆ ನಾನೇ 'ತಲುಪಿತೇ?' ಎಂಬ ಏಕಪದದ ಪತ್ರವನ್ನು ಬರೆದೆ. ಕಾಯುವುದಕ್ಕೇ ಹೆಸರಾದ ಶಬರಿ ಕ್ಷಣವೂ ಕಾಯದೆ ಅದನ್ನು ಕೆಳಕ್ಕೆ ದೂಡಿದಳು. ಮಲಪ್ರಭೆ ತನ್ನ ಪ್ರವಾಹಧರ್ಮವನ್ನೇ ಮರೆತು ಮೇಲಕ್ಕೆ ಹರಿಸಿದಳು. ಹೀಗೆ ಹದಿನಾಲ್ಕು ಪಾವಟಿಗೆಗಳ ನಡುವೆ ನನ್ನ ಓಲೆಯು ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಇತ್ತಿಂದತ್ತ ಆಡತೊಡಗಿತು. ಪ್ರತಿ ಸಲವೂ ನೆತ್ತಿಯ ಮೇಲೆ 'ರಿಸೀವ್ಡ್' ಎಂಬ ಮುದ್ರೆ. ಆ ಮುದ್ರೆಗಳನ್ನು ಎಣಿಸುವ ವಿವೇಕವಾದರೂ ಯಂತ್ರಕ್ಕಿತ್ತು: 25 ದಾಟಿದೊಡನೆ ಇನ್ನು ಸಾಕೆಂದು ನಿರಾಕರಿಸಿ, ತಲುಪಲಿಲ್ಲವೆಂಬ ಒಕ್ಕಣೆಯೊಡನೆ ಬರೆದವನಿಗೆ ಹಿಂದಿರುಗಿಸಿತು. ಬರೆದವನು ನಾನೇ ಆದುದರಿಂದ ಆ ಒಕ್ಕಣೆಯೂ ಅದೇ ಲಾಳಿಯ ಹಾದಿ ಹಿಡಿಯಿತು. ಅದೂ ಸೋತಮೇಲೆ ಪೋಸ್ಟ್‌ಮಾಸ್ಟರರಿಗೆ ದೂರು ಹೋಯಿತು. ಈ ಮನೆಯ ಪೋಸ್ಟ್‌ಮಾಸ್ಟರನೂ ನಾನೇ! ಬರೆದವನು, ಪಡೆಯಬೇಕಾದವನು, ದೂರು ಕೇಳಬೇಕಾದ ಅಧಿಕಾರಿ, ಈ ಮೂವರೂ ಒಂದೇ ಕುರ್ಚಿಯಲ್ಲಿ ಕುಳಿತು ಪತ್ರವೇಕೆ ಬರಲಿಲ್ಲವೆಂದು ಪರದೆಯನ್ನು ನೋಡುತ್ತಿದ್ದೆವು. ಕಟ್ಟಕಡೆಗೆ ಎಲ್ಲವೂ 'ಡೆಡ್ ಲೆಟರ್' ಎಂಬ ಕಡತದಲ್ಲಿ ಹೂಳಲ್ಪಟ್ಟಿತು. ಬೆಂಗಳೂರಿನ ಅಳಿಯನಿಗೆ ಫೋನು ಮಾಡಿದರೆ, "ಮಾವ, ಇದನ್ನೆಲ್ಲ ಈಗ ಯಾರ್ ಮಾಡ್ತಾರ?" ಎಂದು ನಕ್ಕ. ಕೇಳಿದ್ದಕ್ಕೆ ಉತ್ತರ ಕೊಡದೆ ಕಾಲವನ್ನು ತೋರಿಸುವ ಈ ಮಕ್ಕಳ ಚಾಳಿ ನನಗೆ ಸೇರದು.

ಪಕ್ಕದ ಮನೆಯ ನೇಕಾರ ಮುದುಕ ಮೇಲಕ್ಕೆ ಬಂದಿದ್ದ. ಅವನ ಕುಣಿಮಗ್ಗದ ಕುಣಿಯ ಮೇಲೆ ಹಲಗೆ ಬಿದ್ದು ನಾಲ್ಕು ವರ್ಷವಾಗಿದೆ. ಈಗ ಅದರ ಮೇಲೆ ಜೋಳದ ಚೀಲವಿರುತ್ತದೆ. ಮೊದಲು ಬೆಳಗಿನ ಜಾವಕ್ಕೆ ಆ ಮಗ್ಗದ ಸಪ್ಪಳದಿಂದಲೇ ನನಗೆ ಎಚ್ಚರವಾಗುತ್ತಿತ್ತು. ನನ್ನ ವೃತ್ತಾಂತವನ್ನೆಲ್ಲ ಗಂಭೀರವಾಗಿ ಆಲಿಸಿ, ಮುದ್ರೆಗಳ ಸಾಲನ್ನು ಬೆರಳಿಟ್ಟು ಎಣಿಸಿ, ಅವನೆಂದ:

"ಮಾಸ್ತರ, ಇಪ್ಪತ್ತೈದ ಸಲ ಲಾಳಿ ಆಡಿದ್ರ ನಮಗ ಅರ್ಧ ಬೆರಳಷ್ಟಾರ ಅರಿವಿ ಆಗತಿತ್ತರಿ. ನಿಮಗೇನ ಬಂತು?"

ನಾನು ಸುಮ್ಮನಿದ್ದೆ. ಅಷ್ಟರಲ್ಲಿ ಕೆಳಗಿನಿಂದ ಕೂಗು: "ಚಾ ಆಗೇದ. ಮ್ಯಾಲ ಕಳಸ್ಲ್ಯೋ, ನೀವ ಕೆಳಗ ಬರತೀರೋ?"

ಇಬ್ಬರೂ ಇಳಿದೆವು.