ಪಟ್ಟಿವೀರರ ಏಪ್ರಿಲ್

ತಿಂಗಳ ಕೊನೆಗೆ ಸಂಬಳ ತಡವಾದರೂ ಪಟ್ಟಿ ತಡವಾಗುವುದಿಲ್ಲ. ಮೂವತ್ತನೇ ತಾರೀಖು ಬಂತೆಂದರೆ ಸಾಕು, ‘ಈ ತಿಂಗಳ ನನ್ನ ಅಚ್ಚುಮೆಚ್ಚಿನ ಇಪ್ಪತ್ತು ಹೊಸ ಬಿಡುಗಡೆಗಳು’ ಎಂದು ಪಟ್ಟಿವೀರರು ಸಾಲುಗಟ್ಟಿ ನಿಲ್ಲುತ್ತಾರೆ. ಹತ್ತು ಪಾಪ್, ಹತ್ತು ಆಲ್ಟರ್ನೇಟಿವ್. ಎರಡು ಕಡೆಯವರಿಗೂ ಬೇಸರವಾಗಬಾರದಲ್ಲ! ನಮ್ಮಂಥ ಪಾಮರರಿಗೆ ಇಡೀ ಜನ್ಮದಲ್ಲಿ ಇಪ್ಪತ್ತು ಮಂದಿ ಅಚ್ಚುಮೆಚ್ಚಾದರೆ ಹೆಚ್ಚು. ಅದರಲ್ಲೂ ಒಡಹುಟ್ಟಿದವರನ್ನು ಸೇರಿಸುವುದೋ ಬಿಡುವುದೋ ಎಂದು ವಕೀಲರನ್ನು ಕೇಳಬೇಕು. ಪಟ್ಟಿವೀರರ ಹೃದಯ ಹಾಗಲ್ಲ, ವಿಶಾಲ. ಅಲ್ಲಿಗೆ ತಿಂಗಳಿಗೆ ಇಪ್ಪತ್ತು ಜನ ಬಾಡಿಗೆಗೆ ಬರುತ್ತಾರೆ, ಒಂದನೇ ತಾರೀಖಿಗೆ ಖಾಲಿ ಮಾಡುತ್ತಾರೆ.

ಸುಮ್ಮನೆ ದೂರಬಾರದು, ಲೆಕ್ಕ ಹಾಕಿಯೇ ದೂರೋಣ. 2024ರ ಏಪ್ರಿಲ್ ತೆಗೆದುಕೊಳ್ಳಿ. ಪಟ್ಟಿವೀರರ ಪಾಲಿಗೆ ಅದು ಸುಗ್ಗಿಯ ತಿಂಗಳು. ನಾಲ್ಕು ಶುಕ್ರವಾರ, ನಾಲ್ಕೂ ಭರ್ತಿ. ಶುಕ್ರವಾರವೇ ಯಾಕೆಂದರೆ, 2015ರ ಜುಲೈ 10ರಿಂದ ಜಗತ್ತಿನ ಸಂಗೀತ ಕಂಪನಿಗಳೆಲ್ಲ ಹೊಸ ಸರಕು ಬಿಡಲು ಅದೇ ದಿನವನ್ನು ಗೊತ್ತು ಮಾಡಿಕೊಂಡಿವೆ. ಅದಕ್ಕೂ ಮೊದಲು ಬ್ರಿಟನ್ನಿನವರಿಗೆ ಸೋಮವಾರ, ಅಮೆರಿಕದವರಿಗೆ ಮಂಗಳವಾರ. ಮಂಗಳವಾರ ಶುಭಕಾರ್ಯ ಬೇಡವೆಂದು ಅವರಿಗೆ ಯಾವ ಜೋಯಿಸರು ಹೇಳಿಕೊಟ್ಟರೋ!

ಏಪ್ರಿಲ್ 5ಕ್ಕೆ ವ್ಯಾಂಪೈರ್ ವೀಕೆಂಡ್ ತಂಡದ ಐದನೇ ಆಲ್ಬಮ್ ‘ಓನ್ಲಿ ಗಾಡ್ ವಾಸ್ ಅಬೌವ್ ಅಸ್’, ಚಾಪೆಲ್ ರೋನ್ ಹಾಡಿದ ‘ಗುಡ್ ಲಕ್, ಬೇಬ್!’. ಮುಂದಿನ ವಾರ ಸಬ್ರಿನಾ ಕಾರ್ಪೆಂಟರ್ ಅವರ ‘ಎಸ್‌ಪ್ರೆಸೊ’. 19ಕ್ಕೆ ಟೇಲರ್ ಸ್ವಿಫ್ಟ್ ಮತ್ತು ಪರ್ಲ್ ಜಾಮ್. 26ಕ್ಕೆ ಸೇಂಟ್ ವಿನ್ಸೆಂಟ್ ಮತ್ತು ಪೆಟ್ ಶಾಪ್ ಬಾಯ್ಸ್. ಆ 26ರಂದೇ ಬೆಂಗಳೂರಿನಲ್ಲಿ ಲೋಕಸಭಾ ಚುನಾವಣೆಯ ಮತದಾನ. ನಾನು ಬಲ್ಲ ಪಟ್ಟಿವೀರನೊಬ್ಬ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವ ಸಾಲಿನಲ್ಲೇ ಎರಡೂ ಆಲ್ಬಮ್ ಮುಗಿಸಿ ಬಂದ. ಮತ ಯಾರಿಗೆ ಹಾಕಿದ ಎಂಬುದು ಗುಟ್ಟು. ಯಾರಿಗೆ ಎಷ್ಟು ನಕ್ಷತ್ರ ಕೊಟ್ಟ ಎಂಬುದು ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತು.

ಈತನ ನಿಜವಾದ ಪ್ರತಾಪ ನೋಡಬೇಕೆಂದರೆ ಒಂದು ವಾರ ಹಿಂದಕ್ಕೆ, 19ಕ್ಕೆ ಬರಬೇಕು. ಟೇಲರ್ ಸ್ವಿಫ್ಟ್ ಅವರ ‘ದ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್’ ಬಿಡುಗಡೆಯಾದಾಗ ನ್ಯೂಯಾರ್ಕಿನಲ್ಲಿ ನಡುರಾತ್ರಿ, ನಮ್ಮಲ್ಲಿ ಬೆಳಗ್ಗೆ 9.30. ಹೊರವರ್ತುಲ ರಸ್ತೆಯ ಟೆಕ್ ಪಾರ್ಕಿನಲ್ಲಿ ಬೆಳಗಿನ ಮೀಟಿಂಗು ನಡೆಯುತ್ತಿದೆ. ಪಟ್ಟಿವೀರನ ಒಂದು ಕಿವಿಯಲ್ಲಿ ಮ್ಯಾನೇಜರು, ಇನ್ನೊಂದರಲ್ಲಿ ಟೇಲರ್. ‘ಎಲ್ಲಿಗೆ ಬಂತಪ್ಪಾ ಕೆಲಸ?’ ಎಂದರು ಮ್ಯಾನೇಜರು. ‘ಐದನೇದು ನಡೀತಾ ಇದೆ ಸಾರ್, ಸಂಜೆಯೊಳಗೆ ಎಲ್ಲ ಮುಗಿಯುತ್ತೆ’ ಎಂದ ಇವನು. ಟೀಮಿಗೆ ಇಂಥ ನಾಲ್ವರು ಸಿಕ್ಕರೆ ಸಾಕು ಎಂದು ಮ್ಯಾನೇಜರು ಎಲ್ಲರೆದುರು ಬೆನ್ನು ತಟ್ಟಿದರು.

ಹದಿನಾರು ಹಾಡು, ಒಂದು ಗಂಟೆ ಐದು ನಿಮಿಷ. 10.35ಕ್ಕೆ ತೀರ್ಪು ಹೊರಬಿತ್ತು: ‘ಈಕೆಯ ಅತ್ಯಂತ ಪಕ್ವ ಕೃತಿ.’ ಅಷ್ಟರಲ್ಲಿ 11.30ಕ್ಕೆ ಆಕೆ ಇನ್ನೂ ಹದಿನೈದು ಹಾಡು ಸುರಿದರು. ಒಟ್ಟು ಮೂವತ್ತೊಂದು, ಎರಡು ಗಂಟೆಯ ಮೇಲೆ ಎರಡು ನಿಮಿಷ. ಪಕ್ವತೆ ಒಂದೇ ಗಂಟೆಯಲ್ಲಿ ಹಳೆಯದಾದರೆ ಪಟ್ಟಿವೀರ ಏನು ಮಾಡಬೇಕು? ಊಟದ ಹೊತ್ತಿಗೆ ತಿದ್ದುಪಡಿ ಬಂತು: ‘ಮೊದಲರ್ಧ ಬರೀ ಪೀಠಿಕೆ.’ ಇವನನ್ನು ನೋಡಿ ನಗಬೇಡಿ. ಅಮೆರಿಕದ ಹೆಸರಾಂತ ಪತ್ರಿಕೆಗಳ ನಕ್ಷತ್ರಗಳೂ ಅದೇ ದಿನ ಮೂಡಿದ್ದವು. ‘ಪೇಸ್ಟ್’ ಎಂಬ ಪತ್ರಿಕೆ ಮಾತ್ರ ಆಲ್ಬಮ್ಮನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿತು, ಬರೆದವರ ಹೆಸರನ್ನು ಹಾಕಲಿಲ್ಲ. 2019ರಲ್ಲಿ ಆಕೆಯ ‘ಲವರ್’ ಆಲ್ಬಮ್ಮಿನ ವಿಮರ್ಶೆ ಬರೆದವರಿಗೆ ಬೆದರಿಕೆ ಬಂದಿತ್ತು, ಅದಕ್ಕೇ ಈ ಎಚ್ಚರಿಕೆ ಎಂದು ಪತ್ರಿಕೆಯೇ ಹೇಳಿಕೊಂಡಿತು. ಹೊಗಳಿದವರದು ದಪ್ಪಕ್ಷರದ ಹೆಸರು, ತೆಗಳಿದವರದು ಅಜ್ಞಾತವಾಸ. ಇದರ ಹೆಸರು ಪ್ರೇಮಗೀತೆಗಳ ಪ್ರಪಂಚ.

ಇನ್ನು ವ್ಯಾಪಾರದ ಚಮತ್ಕಾರ. ಬಿಡುಗಡೆಗೆ ಮೊದಲೇ ಈ ಆಲ್ಬಮ್ಮನ್ನು ನಾಲ್ಕು ಆವೃತ್ತಿಗಳಲ್ಲಿ ಮಾರಲಾಗಿತ್ತು. ಹಾಡುಗಳೆಲ್ಲ ಅವೇ, ಒಂದೊಂದರಲ್ಲಿ ಒಂದೊಂದು ಹೆಚ್ಚುವರಿ ಹಾಡು. ನಾಲ್ಕೂ ಬೇಕಾದವರು ನಾಲ್ಕು ಸಲ ಕೊಳ್ಳಬೇಕು. ನಿಷ್ಠಾವಂತರು ಕೊಂಡರು. ಕೊನೆಗೆ ನಮ್ಮ 11.30ರ ಎರಡನೇ ಕಂತಿನಲ್ಲಿ ಆ ನಾಲ್ಕೂ ಹಾಡುಗಳು ಒಟ್ಟಿಗೇ ಎಲ್ಲರ ಫೋನಿಗೂ ಬಂದಿಳಿದವು. ನಾಲ್ಕು ಸಲ ದುಡ್ಡು ಕೊಟ್ಟವರು ಸಿಟ್ಟಾದರೇ? ರಾಮ ರಾಮ! ಎಷ್ಟು ಧಾರಾಳ ಮನಸ್ಸು ಎಂದು ಕಣ್ಣೊರೆಸಿಕೊಂಡರು. ಮೊದಲ ವಾರ ಅಮೆರಿಕವೊಂದರಲ್ಲೇ, ಕೇಳಿದ್ದು ಕೊಂಡದ್ದು ಎಲ್ಲ ಕೂಡಿಸಿ, 26 ಲಕ್ಷ ಆಲ್ಬಮ್ಮಿನ ಲೆಕ್ಕ ಬಂತು. ಅದರಲ್ಲಿ 8.59 ಲಕ್ಷ ಎಲ್‌ಪಿ ರೆಕಾರ್ಡುಗಳು. ಅವುಗಳಲ್ಲಿ ಎಷ್ಟರ ಮೇಲೆ ಮುಳ್ಳು ಕೂತಿತು, ಎಷ್ಟು ಗೋಡೆ ಸೇರಿದವು ಎಂದು ಯಾರೂ ಕೇಳಲಿಲ್ಲ. ಅದೇ ವರ್ಷ ಮಾರ್ಚಿನಲ್ಲಿ ಬಿಲ್ಲಿ ಐಲಿಶ್, ಒಂದೇ ಆಲ್ಬಮ್ಮನ್ನು ನಲವತ್ತು ಬಗೆಯ ಎಲ್‌ಪಿಗಳಲ್ಲಿ ಹೊರಡಿಸುವುದು ಪರಿಸರಕ್ಕೆ ದಂಡ ಎಂದು ಬಿಲ್‌ಬೋರ್ಡ್ ಸಂದರ್ಶನದಲ್ಲಿ ಕಿಡಿಕಾರಿದ್ದರು. ಮೇ ತಿಂಗಳಲ್ಲಿ ಆಕೆಯ ಆಲ್ಬಮ್ಮೂ ಬಂತು, ಎಂಟು ಬಗೆಯಲ್ಲಿ. ಎಂಟೂ ಪರಿಸರಸ್ನೇಹಿ. ನಲವತ್ತರಲ್ಲಿ ಎಂಟು ಅಂದರೆ ಐದನೇ ಒಂದು. ಪಾಪವೂ ಅಷ್ಟಕ್ಕೇ ಇಳಿದಿರಬೇಕು.

ಸಿದ್ಧಾಂತದ ಮಾತು ಬಂದಾಗ ಯುನಿವರ್ಸಲ್ ಕಂಪನಿಯನ್ನು ಬಿಟ್ಟರೆ ತಪ್ಪಾಗುತ್ತದೆ. ಕಲಾವಿದರಿಗೆ ಟಿಕ್‌ಟಾಕ್ ಸರಿಯಾಗಿ ಕಾಸು ಕೊಡುತ್ತಿಲ್ಲವೆಂದು ಆ ಕಂಪನಿ ಫೆಬ್ರವರಿಯಲ್ಲಿ ತನ್ನ ಹಾಡುಗಳನ್ನೆಲ್ಲ ಅಲ್ಲಿಂದ ಕಿತ್ತುಕೊಂಡಿತ್ತು. ಜಗಳ ಬಗೆಹರಿದದ್ದು ಮೇ ತಿಂಗಳಲ್ಲಿ. ಆದರೆ ಆ ಬಳಗದ ಟೇಲರ್ ಹಾಡುಗಳು ಮಾತ್ರ ಏಪ್ರಿಲ್ 11ಕ್ಕೇ, ಹೊಸ ಆಲ್ಬಮ್ಮಿಗೆ ಸರಿಯಾಗಿ ಎಂಟು ದಿನ ಇರುವಾಗ, ಟಿಕ್‌ಟಾಕಿಗೆ ವಾಪಸಾದವು. ಚಳವಳಿಗೆ ಎಲ್ಲರೂ ಕೂತಿದ್ದರು, ಊಟದ ಗಂಟೆ ಮಾತ್ರ ಒಬ್ಬರಿಗೇ ಕೇಳಿಸಿತು.

‘ಇದೆಲ್ಲ ಪಾಪ್ ಜನದ ಹಗರಣ, ನಾವು ಆಲ್ಟರ್ನೇಟಿವ್ ಮಂದಿ’ ಎಂದು ಗಡ್ಡ ನೀವಿಕೊಳ್ಳುವವರೂ ಇದ್ದಾರೆ. ಸಂತೋಷ. ಈ ಆಲ್ಟರ್ನೇಟಿವ್ ಎಂಬ ಕಪಾಟಿಗೆ ಗ್ರ್ಯಾಮಿಯವರು 1991ರಲ್ಲಿ ಮೊದಲ ಪ್ರಶಸ್ತಿ ಇಟ್ಟರು. ಗೆದ್ದ ಶಿನೇಡ್ ಓಕಾನರ್ ಬೇಡವೆಂದು ಬಿಟ್ಟರು. ಪರ್ಯಾಯ ಮಾರ್ಗ ಅಂದರೆ ಹಾಗಿರಬೇಕು! ಕಪಾಟು ಮಾತ್ರ ಗಟ್ಟಿಯಾಗಿ ಉಳಿಯಿತು. 2024ರ ಏಪ್ರಿಲ್ 26ಕ್ಕೆ ಬಂದ ಸೇಂಟ್ ವಿನ್ಸೆಂಟ್ ಅವರ ‘ಆಲ್ ಬಾರ್ನ್ ಸ್ಕ್ರೀಮಿಂಗ್’ ಮರುವರ್ಷ ಗೆದ್ದದ್ದು ಅದೇ ಬಹುಮಾನವನ್ನು, ಅದೂ ಆಕೆಗೆ ಮೂರನೇ ಸಲ. ಪರ್ಲ್ ಜಾಮ್ ತಂಡದ ಇಬ್ಬರು 1994ರಲ್ಲಿ ಟಿಕೆಟ್‌ಮಾಸ್ಟರ್ ಏಕಸ್ವಾಮ್ಯದ ವಿರುದ್ಧ ಅಮೆರಿಕದ ಸಂಸತ್ ಸಮಿತಿಯ ಮುಂದೆ ಸಾಕ್ಷಿ ನುಡಿದಿದ್ದರು. ಮೂವತ್ತು ವರ್ಷದ ಮೇಲೆ ‘ಡಾರ್ಕ್ ಮ್ಯಾಟರ್’ ಆಲ್ಬಮ್ಮಿನ ಜೊತೆಗೆ ತಿರುಗಾಟ ಹೊರಟಾಗ ಅಮೆರಿಕದಲ್ಲಿ ಅವರ ಟಿಕೆಟ್ ಮಾರಿದ್ದು ಟಿಕೆಟ್‌ಮಾಸ್ಟರ್. ಆ ಕಂಪನಿಯ ಮೇಲೆ ಮೇ 2024ರಲ್ಲಿ ಸರ್ಕಾರವೇ ಮೊಕದ್ದಮೆ ಹೂಡಿತು. ಬಂಡಾಯಗಾರರು ಬಿಟ್ಟ ಜಗಳವನ್ನು ಕೊನೆಗೆ ಸರ್ಕಾರ ಎತ್ತಿಕೊಳ್ಳಬೇಕಾಯಿತು. ಪಾಪ್ ಬೇರೆ ಆಲ್ಟರ್ನೇಟಿವ್ ಬೇರೆ ಎನ್ನುವವರಿಗೆ ನಮ್ಮ ಹಿರಿಯರು ಆಗಲೇ ಉತ್ತರ ಹೇಳಿಟ್ಟಿದ್ದಾರೆ: ಅಳಿಯ ಅಲ್ಲ, ಮಗಳ ಗಂಡ.

ಆದರೂ ಆ ಏಪ್ರಿಲ್‌ನಲ್ಲಿ ಒಂದು ಆಲ್ಬಮ್ ನಿಜಕ್ಕೂ ಅಂಗಡಿಯ ಹೊರಗಿತ್ತು. ಕೆನಡಾದ ಪ್ಯಾಟ್ರಿಕ್ ಫ್ಲೆಗೆಲ್ ‘ಸಿಂಡಿ ಲೀ’ ಎಂಬ ಹೆಸರಿನಲ್ಲಿ, ಹೆಣ್ಣುವೇಷದಲ್ಲಿ ಹಾಡುವ ಕಲಾವಿದ. ಆತನ ‘ಡೈಮಂಡ್ ಜುಬಿಲಿ’ ಮಾರ್ಚ್ ಕೊನೆಯಲ್ಲಿ ಬಂತು. ಆಗ ಸ್ಪಾಟಿಫೈಯಲ್ಲಿ ಇರಲಿಲ್ಲ, ಆ್ಯಪಲ್‌ನಲ್ಲಿ ಇರಲಿಲ್ಲ. ತೊಂಬತ್ತರ ದಶಕದ ಜಿಯೊಸಿಟೀಸ್ ಧಾಟಿಯ ಹಳೇ ಪುಟವೊಂದಕ್ಕೆ ಹೋಗಿ ಫೈಲು ಇಳಿಸಿಕೊಳ್ಳಬೇಕಿತ್ತು, ಮನಸ್ಸಿದ್ದರೆ ಮೂವತ್ತು ಕೆನಡಾ ಡಾಲರ್ ಹಾಕಬೇಕಿತ್ತು. ಇಲ್ಲವಾದರೆ ಯೂಟ್ಯೂಬ್‌ನಲ್ಲಿ ಒಂದೇ ಉದ್ದನೆಯ ವಿಡಿಯೊ ಇತ್ತು, ಕೂತು ಕೇಳಬೇಕಿತ್ತು. ಮೂವತ್ತೆರಡು ಹಾಡು. ರಾತ್ರಿ ದೂರದ ಯಾವುದೋ ಸ್ಟೇಷನ್ನು ರೇಡಿಯೊದಲ್ಲಿ ಸಿಕ್ಕಂತೆ, ಅರವತ್ತರ ದಶಕದ ಹುಡುಗಿಯರ ಹಾಡುಗಳನ್ನು ನೆನಪಿಸುವ ರಾಗಗಳು ಗಿಟಾರಿನ ಗೊರಗೊರದ ನಡುವೆ ತೇಲಿಬರುತ್ತವೆ. ಏಪ್ರಿಲ್ 12ಕ್ಕೆ ಪಿಚ್‌ಫೋರ್ಕ್ ಪತ್ರಿಕೆ ಹತ್ತಕ್ಕೆ 9.1 ಕೊಟ್ಟಿತು. ಅದರ ಮಾಲೀಕರು ಜನವರಿಯಲ್ಲಷ್ಟೇ ಆ ಪತ್ರಿಕೆಯನ್ನು ‘ಜಿಕ್ಯೂ’ ಎಂಬ ಗಂಡಸರ ಫ್ಯಾಷನ್ ಪತ್ರಿಕೆಯ ಸೆರಗಿಗೆ ಕಟ್ಟಿದ್ದರು.

ಇದರ ಉದ್ದವೂ ಎರಡು ಗಂಟೆ ಎರಡು ನಿಮಿಷ, ಟೇಲರ್ ಆಲ್ಬಮ್ಮಿನಷ್ಟೇ. ಪಟ್ಟಿವೀರನಿಗೆ ಧರ್ಮಸಂಕಟ. ಪಾಪ್‌ಗೆ ಎರಡು ಗಂಟೆ ಕೊಟ್ಟಾಗಿದೆ, ಆಲ್ಟರ್ನೇಟಿವ್ ಸಾಲಿನಲ್ಲಿ ಇದಿಲ್ಲದಿದ್ದರೆ ಮರ್ಯಾದೆ ಹೋಗುತ್ತದೆ. ಆತ ಯೂಟ್ಯೂಬ್‌ನಲ್ಲಿ ವೇಗವನ್ನು ಒಂದೂವರೆ ಪಟ್ಟು ಮಾಡಿಕೊಂಡ. ಸಿಲ್ಕ್ ಬೋರ್ಡಿನಲ್ಲಿ ಬಸ್ಸು ಹತ್ತಿದವನು ಹೆಬ್ಬಾಳದಲ್ಲಿ ಇಳಿಯುವಷ್ಟರಲ್ಲಿ ಮೂವತ್ತೆರಡೂ ಹಾಡು ಮುಗಿದಿದ್ದವು. ರಾತ್ರಿ ಪಟ್ಟಿಯಲ್ಲಿ ಬರೆದ: ‘ಅವಸರದ ಯುಗಕ್ಕೆ ಸಾವಧಾನ ಕಲಿಸುವ ಕೃತಿ.’

ಪಟ್ಟಿವೀರರನ್ನಷ್ಟೇ ಬೈದು ಪ್ರಯೋಜನವಿಲ್ಲ, ಗಲ್ಲಾಪೆಟ್ಟಿಗೆಯ ಕಾನೂನೇ ಹಾಗಿದೆ. ಸ್ಪಾಟಿಫೈ ಲೆಕ್ಕದಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಒಂದು ಹಾಡು ಕೇಳಿದಂತೆ. ವ್ಯಾಂಪೈರ್ ವೀಕೆಂಡ್ ಆಲ್ಬಮ್ಮಿನ ಕೊನೆಯ ಹಾಡು ‘ಹೋಪ್’ ಹೆಚ್ಚುಕಡಿಮೆ ಎಂಟು ನಿಮಿಷದ್ದು. ಒಂದೇ ಮಾತಿಗೆ ಮತ್ತೆಮತ್ತೆ ಮರಳುತ್ತ, ಒಂದೊಂದೇ ವಾದ್ಯವನ್ನು ಸೇರಿಸಿಕೊಳ್ಳುತ್ತ ಅದು ನಿಧಾನವಾಗಿ ತುಂಬಿಕೊಳ್ಳುತ್ತದೆ. ಅದರ ಹದಿನಾರನೇ ಒಂದು ಪಾಲು ಕೇಳಿ ಎದ್ದವನಿಗೂ ಪೂರ್ತಿ ಕೇಳಿ ಸುಮ್ಮನೆ ಕೂತವನಿಗೂ ಖಾತೆಯಲ್ಲಿ ಅದೇ ಒಂದು ಅಂಕಿ. 2024ರಿಂದ ಇನ್ನೊಂದು ನಿಯಮ: ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ಒಂದು ಕಾಸೂ ಇಲ್ಲ. ಬಡವನ ಚಿಲ್ಲರೆ ದೊಡ್ಡವರ ಹಂಡೆಗೆ.

ಆ ಮೂವತ್ತು ಸೆಕೆಂಡಿನ ಕಾನೂನನ್ನು ಸರಿಯಾಗಿ ಅರ್ಥಮಾಡಿಕೊಂಡದ್ದು ಅಮೆರಿಕದ ವಲ್ಫ್‌ಪೆಕ್ ಎಂಬ ತಂಡ. 2014ರಲ್ಲಿ ಅವರು ‘ಸ್ಲೀಪಿಫೈ’ ಎಂಬ ಆಲ್ಬಮ್ ಬಿಟ್ಟರು. ಹತ್ತು ಹಾಡು, ಪ್ರತಿಯೊಂದೂ ಮೂವತ್ತು ಸೆಕೆಂಡಿಗಿಂತ ಒಂದು ಚೂರು ಹೆಚ್ಚು, ಒಂದರಲ್ಲೂ ಸದ್ದೇ ಇಲ್ಲ. ರಾತ್ರಿಯಿಡೀ ಇದನ್ನು ಹಾಕಿಕೊಂಡು ಮಲಗಿ, ಬಂದ ಹಣದಲ್ಲಿ ನಿಮ್ಮೂರಿಗೆ ಬಂದು ಬಿಟ್ಟಿ ಕಛೇರಿ ಮಾಡುತ್ತೇವೆ ಎಂದರು. ಸುಮಾರು ಇಪ್ಪತ್ತು ಸಾವಿರ ಡಾಲರ್ ಬಂತು. ಸ್ಪಾಟಿಫೈ ಗಾಬರಿಯಾಗಿ ಆಲ್ಬಮ್ಮನ್ನೇ ಕಿತ್ತುಹಾಕಿತು. ಒಂದೂ ಹಾಡು ದಾಟಿಸದೆ, ವೇಗ ಹೆಚ್ಚಿಸದೆ, ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ಇಟ್ಟುಕೊಂಡ ಕೇಳುಗರು ಈ ಯುಗದಲ್ಲಿ ಅವರೇ ಇರಬೇಕು, ನಿದ್ದೆ ಹೋದವರು.

ನಿರ್ಭೀತ ವಿಮರ್ಶೆ ಸತ್ತಿದೆ ಎನ್ನುವಂತಿಲ್ಲ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಎಡ್ ಶೀರನ್ ಗಿಟಾರ್ ಹಿಡಿದು ಹಾಡುತ್ತಿದ್ದಾಗ ಪೊಲೀಸರೊಬ್ಬರು ಬಂದು ಮೈಕಿನ ವಯರು ಕಿತ್ತರು. ಅನುಮತಿ ಇತ್ತು ಎಂದು ಗಾಯಕ, ಇರಲಿಲ್ಲ ಎಂದು ಪೊಲೀಸರು. ಅದು ಬೇರೆ ವಿಚಾರ. ಹಾಡುವವನ ಖ್ಯಾತಿಗೆ, ಸುತ್ತ ನೆರೆದ ಅಭಿಮಾನಿಗಳ ಸಂಖ್ಯೆಗೆ, ಕಂಪನಿಯ ಕೃಪೆಗೆ ಕಿಂಚಿತ್ತೂ ಮರುಳಾಗದೆ ಸ್ಥಳದಲ್ಲೇ ಕೊಟ್ಟ ಅಭಿಪ್ರಾಯ ಅದು. ನಕ್ಷತ್ರವನ್ನೂ ಕೇಳಲಿಲ್ಲ. ಅವರ ಭುಜದ ಮೇಲೆ ಇದ್ದರೆ ಅವರದೇ.

ನಮ್ಮ ಪಟ್ಟಿವೀರನ ಮುಂದೆ ಮೊನ್ನೆ ಅವನದೇ ಏಪ್ರಿಲ್ ಪಟ್ಟಿ ಹಿಡಿದೆ. ಇಪ್ಪತ್ತರಲ್ಲಿ ಮುಖಚಿತ್ರದ ಬಣ್ಣ ಹೆಚ್ಚಿನವುಗಳದು ನೆನಪಿತ್ತು, ಯಾವುದಕ್ಕೆ ಯಾರು ಎಷ್ಟು ಅಂಕ ಕೊಟ್ಟರೆಂಬುದು ಎಲ್ಲವುಗಳದೂ ನೆನಪಿತ್ತು. ಗುನುಗು ನೋಡೋಣ ಎಂದಾಗ ಎರಡು ಮಾತ್ರ ಹೊರಬಂದವು. ಒಂದು ‘ಎಸ್‌ಪ್ರೆಸೊ’, ಅದನ್ನು ಅವನು ಪಟ್ಟಿಗೇ ಸೇರಿಸಿರಲಿಲ್ಲ, ತೀರಾ ಜನಪ್ರಿಯವಾಯಿತೆಂದು. ಇನ್ನೊಂದು ಸಿಂಡಿ ಲೀ, ಅದೂ ಒಂದೂವರೆ ಪಟ್ಟು ವೇಗದಲ್ಲಿ.

‘ಒಂದು ಕೆಲಸ ಮಾಡು ಮಾರಾಯ, ತಿಂಗಳ ಪಟ್ಟಿಯನ್ನು ವರ್ಷ ತಡೆದು ಹಾಕು’ ಎಂದೆ. ‘ಯಾರೂ ಹೇಳದೆ, ಯಾವ ಆ್ಯಪೂ ತಳ್ಳದೆ, ನೀನಾಗಿ ಮತ್ತೆ ಹುಡುಕಿ ಹಾಕಿಕೊಂಡದ್ದು ಯಾವುದೋ ಅಷ್ಟನ್ನೇ ಬರಿ.’

‘ಎರಡೋ ಮೂರೋ ಉಳಿಯುತ್ತೆ ಅಷ್ಟೆ, ಅದನ್ನು ಪಟ್ಟಿ ಅಂತಾರಾ?’ ಎಂದು ಕಂಗಾಲಾದ.

ಅವನು ಕಂಗಾಲಾಗಬೇಕಿಲ್ಲ. ವರ್ಷ ತಡೆದು ಪಟ್ಟಿ ಹಾಕುವ ಪದ್ಧತಿ ಬಂದರೆ ಕಂಪನಿಗಳು ಒಂದೇ ವಾರದಲ್ಲಿ ಹೊಂದಿಕೊಳ್ಳುತ್ತವೆ. ಮೊದಲ ವಾರ್ಷಿಕೋತ್ಸವದ ವಿಶೇಷ ಆವೃತ್ತಿ ಬರುತ್ತದೆ. ಹಾಡುಗಳು ಅವೇ, ಎಲ್‌ಪಿಯ ಬಣ್ಣ ಬೇರೆ, ಕೊನೆಗೊಂದು ಹೆಚ್ಚುವರಿ ಹಾಡು. ಶುಕ್ರವಾರ ಬೆಳಗ್ಗೆ 9.30ಕ್ಕೆ ಬಿಡುಗಡೆ, 10.35ಕ್ಕೆ ನಮ್ಮವನ ತೀರ್ಪು: ‘ಕಾಲದ ಪರೀಕ್ಷೆಯಲ್ಲಿ ಗೆದ್ದ ಕೃತಿ.’