ಗುಪ್ತಸಂಘ ಕಟ್ಟುವ ಕ್ರಮ

ಬೇಕಾಗುವ ಸಾಮಾನು: ಅಚ್ಚಿನ ಮನೆ ಒಂದು, ಸತ್ತ ಸ್ಥಾಪಕ ಒಬ್ಬ, ಅವನಿಗೊಂದು ಗೋರಿ. ಸದಸ್ಯರು ಬೇಡ. ಸದಸ್ಯರಿದ್ದಲ್ಲಿ ಗುಟ್ಟು ನಿಲ್ಲದು.

ಸ್ಥಾಪಕ ಹಳಬನಾದಷ್ಟೂ ಒಳ್ಳೆಯದು. 1614ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಲೇಖಕರ ಹೆಸರಿಲ್ಲದೆ ಅಚ್ಚಾದ ‘ಫಾಮಾ ಫ್ರಾಟರ್ನಿಟಾಟಿಸ್’ ನಿಮಗೆ ಮಾದರಿಯಾಗಲಿ. ಆ ಹೊತ್ತಗೆಯ ಸ್ಥಾಪಕ, ಸೋದರ ಸಿ.ಆರ್. (ಮುಂದೆ ಕ್ರಿಶ್ಚಿಯನ್ ರೋಸೆನ್‌ಕ್ರಾಯ್ಟ್ಸ್ ಎಂದು ಹೆಸರಾದವನು) ಅರಬ್ಬರ ನಾಡಿನಲ್ಲಿ ವಿದ್ಯೆ ಕಲಿತು ಫೆಜ್ ನಗರದ ಮೂಲಕ ಮರಳಿದವನು. ಮರುವರ್ಷದ ಎರಡನೇ ಹೊತ್ತಗೆ ‘ಕನ್‌ಫೆಸಿಯೊ’ ಹೇಳುವಂತೆ ಹುಟ್ಟಿದ್ದು 1378, ಬದುಕಿದ್ದು 106 ವರ್ಷ. ಸತ್ತ 120 ವರ್ಷಕ್ಕೆ ಗೋರಿ ತೆರೆದರೆ ಏಳು ಗೋಡೆಯ ಕೋಣೆ, ಸೂರ್ಯನ ಹಂಗಿಲ್ಲದ ಬೆಳಕು, ಕೊಳೆಯದ ದೇಹ, ಕೈಯಲ್ಲೊಂದು ಪುಸ್ತಕ! ಗೋರಿಗೆ ಜಿಪುಣತನ ಮಾಡಬೇಡಿ. ಅದಿರುವ ಊರನ್ನು ಮಾತ್ರ ಹೇಳಬೇಡಿ.

ನಿಯಮಗಳು ಆರು ಸಾಕು. ರೋಗಿಗಳಿಗೆ ಪುಕ್ಕಟೆ ಮದ್ದು, ಆಯಾ ಊರಿನದೇ ಉಡುಪು, ನೂರು ವರ್ಷ ಗುಟ್ಟು, ಇತ್ಯಾದಿ. ಉಡುಪಿನ ನಿಯಮವೇ ಜಾಣತನದ್ದು. ನಿಮ್ಮವರು ಯಾರ ಕಣ್ಣಿಗೂ ಬೀಳದಿದ್ದರೆ ಅದು ನಿಯಮಪಾಲನೆ ಅನ್ನಿಸಿಕೊಳ್ಳುತ್ತದೆ.

ಚಿನ್ನದ ವಿಚಾರದಲ್ಲಿ ಎಚ್ಚರ. ಮಾಡಬಲ್ಲೆವು, ಆದರೆ ನಮಗದು ಉಪಕಸುಬು ಎಂದು ಮೂಗು ಮುರಿಯಿರಿ. ‘ಫಾಮಾ’ ಹಾಗೇ ಮಾಡಿತು. ದೊರೆಗೆ ಚಿನ್ನ ಮಾಡಿಕೊಡುತ್ತೇನೆಂದು ಮಾತು ಕೊಟ್ಟ ಗೇಯೊರ್ಗ್ ಹೊನಾವರ್ 1597ರಲ್ಲಿ ಸ್ಟುಟ್‌ಗಾರ್ಟ್‌ನ ಕಬ್ಬಿಣದ ಗಲ್ಲುಗಂಬದಲ್ಲಿ ನೇತಾಡಿದ.

ಇನ್ನು ಯೂರೋಪಿನ ಪಂಡಿತರನ್ನೆಲ್ಲ ಆಹ್ವಾನಿಸಿ. ವಿಳಾಸ ಕೊಡದಿದ್ದರೆ ಅರ್ಜಿಯನ್ನೂ ಅವರು ಅಚ್ಚು ಹಾಕಿಸಿಯೇ ತಲುಪಿಸಬೇಕು. ಪ್ರಚಾರದ ಖರ್ಚು ಅವರದೇ. ‘ಫಾಮಾ’ಗೆ ಉತ್ತರವಾಗಿ ಹೊತ್ತಗೆಗಳು ನೂರಾರು ಬಂದವು. ತತ್ವಜ್ಞಾನಿ ದೆಕಾರ್ತ್ ಈ ಸೋದರರನ್ನು ಹುಡುಕಿ ಯಾರನ್ನೂ ಕಾಣದೆ ಹಿಂದಿರುಗಿದ. ಅಷ್ಟರಲ್ಲಿ, 1623ರಲ್ಲಿ, ಪ್ಯಾರಿಸ್ಸಿನ ಗೋಡೆಗಳಲ್ಲಿ ‘ಅದೃಶ್ಯ ಸೋದರ’ರ ಭಿತ್ತಿಪತ್ರಗಳು ಅಂಟಿದ್ದವು. ತಾನು ಅವರಲ್ಲೊಬ್ಬನಲ್ಲವೆಂದು ತೋರಿಸಲು ಅವನು ಎಲ್ಲರ ಕಣ್ಣಿಗೆ ಬೀಳುವಂತೆ ಓಡಾಡಬೇಕಾಯಿತೆಂದು ಅವನ ಜೀವನಚರಿತ್ರೆಕಾರ ಬಾಯೆ ಬರೆದಿದ್ದಾನೆ.

ಅಡ್ಡಪರಿಣಾಮವೂ ಉಂಟು. ‘ಫಾಮಾ’ದ ಹಸ್ತಪ್ರತಿಯನ್ನೇ ಓದಿ 1612ರಲ್ಲಿ ಭಕ್ತಿಯಿಂದ ಉತ್ತರ ಬರೆದ ಆಡಮ್ ಹಾಸ್ಲ್‌ಮಾಯರ್‌ಗೆ ಸಿಕ್ಕಿದ್ದು ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆ. ರೋಸೆನ್‌ಕ್ರಾಯ್ಟ್ಸನ ಹೆಸರಿನಲ್ಲಿ 1616ರ ‘ರಾಸಾಯನಿಕ ವಿವಾಹ’ ಬರೆದ ಯೋಹಾನ್ ವ್ಯಾಲೆಂಟಿನ್ ಆಂಡ್ರೇಯೆಗೆ ಏನೂ ಆಗಲಿಲ್ಲ. ಪಾದ್ರಿಯಾಗಿ ಬಾಳಿ, ಅದು ಹುಡುಗಾಟವೆಂದ.

ಕೊನೆಗೆ ಸದಸ್ಯರು ತಾವಾಗಿಯೇ ಬರುತ್ತಾರೆ. 18ನೇ ಶತಮಾನದಲ್ಲಿ ರೋಸೆನ್‌ಕ್ರಾಯ್ಟ್ಸನ ಹೆಸರಿನಲ್ಲಿ ನಿಜವಾದ ಸಂಘವೇ ಹುಟ್ಟಿತು. ಪ್ರಷ್ಯಾದ ದೊರೆ ಎರಡನೇ ಫ್ರೆಡ್ರಿಕ್ ವಿಲಿಯಂ ಅದರ ಸದಸ್ಯ.